ಒಬ್ಬರು ಊರಿಗೆ, ಒಬ್ಬರು ನಾಯಿಗೆ

ಹೊಳೆನರಸೀಪುರದಿಂದ ಹಾಸನಕ್ಕೆ ಹೋಗುವ ರಸ್ತೆಯಲ್ಲಿ ಈಚೆಗೆ ಒಂದು ದೊಡ್ಡ ಬೋರ್ಡು ಎದ್ದಿದೆ. ಅದರ ತುಂಬ ಒಂದೇ ಒಂದು ನಾಯಿ. ಕರಿ ಕನ್ನಡಕ ಹಾಕಿಕೊಂಡು, ನೀರಿನ ಪಕ್ಕದ ಒರಗು ಕುರ್ಚಿಯಲ್ಲಿ ಅಂಗಾತ ಮಲಗಿದೆ. ಕೆಳಗೆ ರೆಸಾರ್ಟಿನ ಹೆಸರು, ‘ಈ ರಜೆಗೆ ನಿಮ್ಮ ನಾಯಿಯನ್ನೂ ಕರೆತನ್ನಿ’ ಎಂಬ ಬರಹ. ಹೋದ ತಿಂಗಳು ಹಾಸನದಲ್ಲಿ ಕಣ್ಣಿನ ಡಾಕ್ಟರನ್ನು ಕಂಡು ಹಿಂದಿರುಗುವಾಗ ನಮ್ಮ ಬಸ್ಸು ಸರಿಯಾಗಿ ಅದರ ಎದುರೇ ನಿಂತಿತು. ಪಕ್ಕದಲ್ಲಿ ನಮ್ಮ ಯಜಮಾನರು. ಕಣ್ಣಿಗೆ ಹನಿ ಬಿಡಿಸಿಕೊಂಡು ಅವರೂ ಕರಿ ಕನ್ನಡಕದಲ್ಲಿದ್ದರು. ಎರಡನ್ನೂ ಒಟ್ಟಿಗೆ ನೋಡಿ ನನಗೆ ನಗು ಬಂತು. ಆದರೆ ಅಂದು ನಗುವ ದಿನವಾಗಿರಲಿಲ್ಲ.

“ಅಲ್ಲೇನ್ ಬರ್ದವ್ರೆ?” ಎಂದರು. ಅಷ್ಟು ದೊಡ್ಡ ಬೋರ್ಡಿನಲ್ಲಿ ಏನೋ ಇದೆ ಎಂಬುದಷ್ಟೇ ಅವರಿಗೆ ಕಾಣುತ್ತಿತ್ತು. ಓದಿ ಹೇಳಿದೆ. ಬಸ್ಸು ಹೊರಟಿತು. ಆಮೇಲೆ ಕಿಟಕಿಯ ಕಡೆ ತಿರುಗಿಯೇ, “ವಸಿ ತಡ ಮಾಡ್ಬುಟ್ರು ಕಣೆ” ಎಂದರು.

ಎಷ್ಟು ತಡ ಎಂದು ನಿಮಗೆ ತಿಳಿಯಬೇಕಾದರೆ ಕುಳ್ಳನಿಂದ ಶುರುಮಾಡಬೇಕು.

ಕುಳ್ಳ ನಮ್ಮ ನಾಯಿ. ಜಾತಿ ಕೇಳಬೇಡಿ, ಬೀದಿಯದು. ಉದ್ದ ಮೈ, ಗಿಡ್ಡ ಕಾಲು. ಯಾರದೋ ಕಾಲನ್ನು ಯಾರಿಗೋ ಜೋಡಿಸಿದಂತೆ. ನಮ್ಮ ಯಜಮಾನರಿಗೆ ಹೊಳೆನರಸೀಪುರದಲ್ಲಿ ಬೀಜ, ಗೊಬ್ಬರದ ಅಂಗಡಿ ಇತ್ತು. ಜೋಳದ ಬೀಜದ ಚೀಲಗಳ ಸಂದಿಯಲ್ಲಿ ಬಂದು ಸೇರಿಕೊಂಡ ಮರಿಗೆ ಇವರು ದಿನಾ ಬನ್ನು ಹಾಕಿದರು. ಮೊದಲು ಅಂಗಡಿಗೆ ಅಭ್ಯಾಸ ಮಾಡಿಸಿ, ಆಮೇಲೆ ಮನೆಗೂ ತಂದರು.

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು. ತರಬೇತಿಯ ಕಾಲದಲ್ಲಿ ಹಾಸಿಗೆಯ ಬಟ್ಟೆಯ ಮೂಲೆ ಸರಿಯಾಗಿ ಮಡಿಸದಿದ್ದರೆ ನಮ್ಮ ಮೇಟ್ರನ್ ಇಡೀ ಸಾಲಿನ ಹಾಸಿಗೆಗಳನ್ನು ಬಿಚ್ಚಿ ಹಾಕುತ್ತಿದ್ದರು. ಆ ಭಯ ಇಂದಿಗೂ ಬಿಟ್ಟಿಲ್ಲ. ನೆಂಟರ ಮನೆಗೆ ಹೋದರೂ ಮಂಚದ ಮೂಲೆ ಎಳೆದು ಸರಿಮಾಡಿಯೇ ಕೂರುತ್ತೇನೆ. ಅದಕ್ಕೇ ನೆಂಟರು ನನ್ನನ್ನು ಕುರ್ಚಿಯ ಮೇಲೆ ಕೂರಿಸುತ್ತಾರೆ. ಇಂಥವಳ ಮನೆಗೆ ನಾಯಿ ಬಂದರೆ? ಹೊಸಲು ದಾಟಕೂಡದು ಎಂದು ಮೊದಲ ದಿನವೇ ಕಟ್ಟಪ್ಪಣೆ ಮಾಡಿದೆ. ಆಮೇಲೆ ನಡುಮನೆಯ ಕಂಬದವರೆಗೆ ಬರಬಹುದು ಎಂದೆ. ಆಮೇಲೆ ಅಡುಗೆಮನೆಯ ಬಾಗಿಲವರೆಗೆ. ಕೊನೆಗೆ ಉಳಿದದ್ದು ಮಂಚ ಹತ್ತಕೂಡದು ಎಂಬ ನಿಯಮವೊಂದೇ. ಅದನ್ನು ಅವನಲ್ಲ, ಅವನ ಕಾಲುಗಳು ಪಾಲಿಸಿದವು.

ಅವನದೊಂದು ಹಟವಿತ್ತು. ನಮ್ಮಿಬ್ಬರಲ್ಲಿ ಒಬ್ಬರಾದರೂ ಎದುರಿಗಿಲ್ಲದಿದ್ದರೆ ಊಟ ಮುಟ್ಟುತ್ತಿರಲಿಲ್ಲ. ಇದು ಗೊತ್ತಾದದ್ದು ಚನ್ನರಾಯಪಟ್ಟಣದ ಒಂದು ಮದುವೆಗೆ ಇಬ್ಬರೂ ಹೋದಾಗ. ಪಕ್ಕದ ಮನೆಯವರಿಗೆ ಒಪ್ಪಿಸಿ ಹೋಗಿದ್ದೆವು. ಪಾಪ, ಅವರು ಹೊತ್ತುಹೊತ್ತಿಗೆ ಮುದ್ದೆ, ಸಾರು ತಂದಿಟ್ಟಿದ್ದರು. ಎರಡು ದಿನ ಬಿಟ್ಟು ನಾವು ಗೇಟು ತೆಗೆದಾಗ ಕುಳ್ಳ ಕುಣಿಯಲಿಲ್ಲ, ಬೊಗಳಲೂ ಇಲ್ಲ. ಎದ್ದು ನೇರ ತನ್ನ ತಟ್ಟೆಯ ಹತ್ತಿರ ಹೋಗಿ, ಕಲ್ಲಾಗಿದ್ದ ಹಳೆಯ ಮುದ್ದೆಯನ್ನು ನಮ್ಮ ಮುಖ ನೋಡುತ್ತಲೇ ಕಡಿಯತೊಡಗಿದ. ಮದುವೆ ಊಟ ಮಾಡಿ ಬಂದ ಇಬ್ಬರೂ ಚಪ್ಪಲಿ ಬಿಡುವುದನ್ನೂ ಮರೆತು ನಿಂತಿದ್ದೆವು.

ಅಂದೇ ನಾನು ವ್ಯವಸ್ಥೆ ಮಾಡಿದೆ. ವಾರ್ಡಿನಲ್ಲಿ ಒಂದು ಪಾಳಿಯವಳು ಬಂದು ಚಾರ್ಜ್ ತೆಗೆದುಕೊಳ್ಳುವ ತನಕ ಇನ್ನೊಬ್ಬಳು ಕದಲುವಂತಿಲ್ಲ. ಮನೆಯಲ್ಲೂ ಹಾಗೆಯೇ. ಒಬ್ಬರು ಊರಿಗೆ, ಒಬ್ಬರು ನಾಯಿಗೆ. ಮದುವೆಯ ಹಿಂದಿನ ದಿನಕ್ಕೆ ಇವರು, ಧಾರೆಗೆ ನಾನು. ಹೊಳೆನರಸೀಪುರದ ಬಸ್‌ಸ್ಟ್ಯಾಂಡಿಗೆ ನಾನು ಕುಳ್ಳನನ್ನು ಹಗ್ಗ ಹಿಡಿದು ಕರೆದುಕೊಂಡು ಹೋಗುವುದು. ಇವರು ಬಸ್ಸಿಳಿದು ಹಗ್ಗ ಹಿಡಿಯುವುದು. ಏನು ತಿಂದ, ಹೊಟ್ಟೆ ಸರಿಯಿದೆಯೇ, ಎಲ್ಲ ನಿಂತಲ್ಲೇ ಒಪ್ಪಿಸಿ ನಾನು ಮುಂದಿನ ಬಸ್ಸು ಹತ್ತುವುದು. “ಸಿಸ್ಟರಮ್ನೋರೆ, ಪೇಷಂಟ್‌ನ ನೋಡ್ಕತೀನಿ, ನೀವ್ ನಡೀರಿ” ಎಂದು ಇವರು ಎಲ್ಲರ ಎದುರೂ ಗೇಲಿ ಮಾಡುವರು. ಕುಳ್ಳನ ಪಾಡು ಮಾತ್ರ ವಿಚಿತ್ರ. ಒಬ್ಬರು ಬಂದರಲ್ಲ ಎಂದು ಬಾಲ ಎತ್ತುವಷ್ಟರಲ್ಲಿ ಇನ್ನೊಬ್ಬರು ಹೊರಟಿರುತ್ತಿದ್ದರು. ಒಂದೇ ಗಳಿಗೆಯಲ್ಲಿ ಆ ಬಾಲಕ್ಕೆ ಎರಡು ಕೆಲಸ.

ಅರಕಲಗೂಡಿಗೆ ಕೊಟ್ಟ ಮಗಳು ಒಂದು ಬೇಸಿಗೆಯಲ್ಲಿ, ಎಲ್ಲರೂ ಸೇರಿ ಯಾವುದಾದರೂ ರೆಸಾರ್ಟಿಗೆ ಹೋಗೋಣ ಎಂದು ಹಟ ಹಿಡಿದಳು. ನಾಯಿ ಇದೆ ಎಂದೊಡನೆ ಒಂದು ಕಡೆ ಫೋನೇ ಇಟ್ಟರು. ಇನ್ನೊಂದು ಕಡೆಯವರು ಒಳ್ಳೆಯ ಮಾತಿನಲ್ಲೇ ಹೇಳಿದರು: ಗೇಟಿನ ಹತ್ತಿರ ವಾಚ್‌ಮನ್ ಶೆಡ್ಡಿದೆ, ಅಲ್ಲಿ ಕಟ್ಟಿಹಾಕಬಹುದು. ನಮ್ಮ ಯಜಮಾನರು ಫೋನು ಕೈಗೆ ತೆಗೆದುಕೊಂಡು, “ನಾಯಿ ಪಕ್ಕ ನಂಗೂ ಒಂದ್ ಚಾಪೆ ಹಾಕ್ತೀರಾ ಸಾ?” ಎಂದು ಕೇಳಿದರು. ಗೇಲಿಯಲ್ಲ, ನಿಜವಾಗಿಯೇ ಕೇಳಿದ್ದು. ಅವರು ಒಪ್ಪಲಿಲ್ಲ. ಕಡೆಗೆ ಶನಿವಾರ ಇವರು ಹೋಗಿಬಂದರು, ಭಾನುವಾರ ನಾನು. ಮೊಮ್ಮಕ್ಕಳಿಗೆ ಅಜ್ಜ ಅಜ್ಜಿ ಎಂದರೆ ಒಬ್ಬರು ಬಂದರೆ ಇನ್ನೊಬ್ಬರು ಹೋಗುವವರು ಎಂದೇ ರೂಢಿಯಾಗಿಬಿಟ್ಟಿತು.

ನುಗ್ಗೇಹಳ್ಳಿಯ ನಾದಿನಿ ಒಮ್ಮೆ ನನ್ನನ್ನು ಹಿತ್ತಿಲಿಗೆ ಕರೆದು ಗುಟ್ಟಾಗಿ ಕೇಳಿದಳು. “ಅತ್ಗೆ, ತಪ್ ತಿಳ್ಕಬ್ಯಾಡಿ. ಅಣ್ಣನೂ ನೀವೂ ಮಾತಾಡ್ತೀರಿ ತಾನೆ?” ಅವಳ ಅನುಮಾನದಲ್ಲಿ ತಪ್ಪಿಲ್ಲ. ನೆಂಟರ ಮದುವೆಗಳ ಫೋಟೋಗಳಲ್ಲಿ ಎಲ್ಲಿಯೂ ನಾವು ಜೊತೆಗಿಲ್ಲ. ಒಂದರಲ್ಲಿ ಇವರು, ಇನ್ನೊಂದರಲ್ಲಿ ನಾನು, ಎಣ್ಣೆ ಸೀಗೆಕಾಯಿಯ ಹಾಗೆ. ನಾಯಿಯ ಕಾರಣ ಹೇಳಿದೆ. ಅವಳು ನಂಬಿದಂತೆ ಕಾಣಲಿಲ್ಲ.

ಆದರೆ ಮಾತಿನ ವಿಚಾರಕ್ಕೆ ಬಂದರೆ, ಆ ವರ್ಷಗಳಲ್ಲಿ ನಾವು ಆಡಿದಷ್ಟು ಮಾತು ಯಾವ ಗಂಡಹೆಂಡಿರೂ ಆಡಿರಲಾರರು. ಹೋದವರು ಮನೆಗೆ ಬಂದು ಉಳಿದವರಿಗೆ ಪೂರ್ತಿ ಹೇಳಬೇಕು, ಅದೂ ಕೂತು, ಕಾಫಿ ಕುಡಿಯುತ್ತ. ಫೋನಿನಲ್ಲಿ ಹೇಳಿ ಕೆಡಿಸುವಂತಿರಲಿಲ್ಲ. ನಾನು ಹೇಳುವುದು ಬಚ್ಚಲು ಹೇಗಿತ್ತು, ದಿಂಬಿನ ಚೀಲ ಒಗೆದಿದ್ದರೋ ಇಲ್ಲವೋ ಎಂಬಲ್ಲಿಂದ ಶುರು. ಇವರದು ಎಲೆಯ ಯಾವ ತುದಿಗೆ ಏನು ಬಡಿಸಿದರು ಎಂಬಲ್ಲಿಂದ. ಸಮುದ್ರವನ್ನು ಇವರೇ ಮೊದಲು ನೋಡಿದ್ದು, ಅಂಗಡಿಯವರ ಸಂಘದ ಜೊತೆ ಹೋಗಿ. ಬಂದು ಹೇಳಿದರು: “ನಮ್ ಕೆರೇಗೆ ಆ ಕಡೆ ಏರಿ ಹಾಕೋದ್ ಮರ್ತ್‌ಬುಟ್ಟವ್ರೆ ಅಂತ ತಿಳ್ಕ. ಅದೇ ಸಮುದ್ರ.” ಮುಂದೆ ನಾನು ಹೋಗಿ ನೋಡಿದಾಗ ನನಗೆ ಸಮುದ್ರ ಕಾಣಲೇ ಇಲ್ಲ. ಏರಿಯಿಲ್ಲದ ಕೆರೆಯೇ ಕಂಡಿತು. ಪಕ್ಕದಲ್ಲಿ ಹೇಳಿಕೊಂಡು ನಗಲು ಯಾರೂ ಇರಲಿಲ್ಲ.

ಕುಳ್ಳನ ಮೇಲೆ ನನಗೆ ದೂರಿಲ್ಲ. ದೂರಿದ್ದರೆ ಆ ವ್ಯವಸ್ಥೆಯ ಮೇಲೆ. ಅದು ತೀರ ಚೆನ್ನಾಗಿ ನಡೆಯಿತು. ಒಂದು ಸಲವಾದರೂ ಕೆಟ್ಟಿದ್ದರೆ ಬೇರೆ ದಾರಿ ಹುಡುಕುತ್ತಿದ್ದೆವು. ಕೆಡಲಿಲ್ಲ, ಹುಡುಕಲಿಲ್ಲ. ಗಡಿಯಾರದ ಎರಡು ಮುಳ್ಳುಗಳಂತೆ ಒಂದು ಬಂದಾಗ ಇನ್ನೊಂದು ಜರುಗುತ್ತ, ನಮ್ಮ ಕಾಲು ಗಟ್ಟಿಯಿದ್ದ ವರ್ಷಗಳೆಲ್ಲ ಹಾಗೆಯೇ ಮುಗಿದವು. ಹೋದ ವರ್ಷ ಕುಳ್ಳ ಮುಪ್ಪಿನಲ್ಲಿ, ನಿದ್ದೆಯಲ್ಲೇ ಹೋದ. ಇನ್ನೇನು ಇಬ್ಬರೂ ಹೊರಡಬಹುದಿತ್ತು. ಹೊರಡಲಿಲ್ಲ. ಅಷ್ಟು ಹೊತ್ತಿಗೆ ಇವರ ಕಣ್ಣು ಮಂಜಾಗತೊಡಗಿತ್ತು.

ಆ ಬೋರ್ಡು ಕಂಡ ದಿನ ಡಾಕ್ಟರು ಹೇಳಿದ್ದು ಇಷ್ಟೇ: ಹೋದ ದೃಷ್ಟಿ ಮರಳಿ ಬರುವುದಿಲ್ಲ, ಇರುವುದನ್ನು ಎಷ್ಟು ಕಾಲ ಉಳಿಸಿಕೊಳ್ಳಬಹುದೋ ನೋಡೋಣ. ಆ ದನಿ ನನಗೆ ಗೊತ್ತು. ವಾರ್ಡಿನಲ್ಲಿ ನಾನೂ ಆ ದನಿಯಲ್ಲಿ ಮಾತಾಡಿದವಳೇ. ಮನೆಗೆ ಬಂದು ಮಗಳಿಗೆ ಫೋನು ಮಾಡಿದೆ. ಅವರಿಗೆ ಕಾಣುತ್ತಿರುವಾಗಲೇ ಒಂದು ಸಲ, ಒಂದೇ ಒಂದು ಸಲ, ಇಬ್ಬರೂ ಜೊತೆಗೆ ಎಲ್ಲಿಗಾದರೂ ಹೋಗಬೇಕು ಎಂದೆ. ಅವಳು ಅರಕಲಗೂಡಿನ ಕಡೆ ಹೇಮಾವತಿ ಹಿನ್ನೀರಿನ ಪಕ್ಕದಲ್ಲಿದ್ದ ಆ ಬೋರ್ಡಿನ ರೆಸಾರ್ಟಿನಲ್ಲೇ ನಮ್ಮಿಬ್ಬರಿಗೇ ಒಂದು ರೂಮು ಗೊತ್ತುಮಾಡಿದಳು. ಬೇರೆಯವು ಖಾಲಿ ಇರಲಿಲ್ಲವಂತೆ. ಸಿಕ್ಕಿದ್ದು ನಾಯಿ ತರುವವರ ಸಾಲಿನಲ್ಲಿ.

ಕೌಂಟರಿನಲ್ಲಿದ್ದವರು ಪುಸ್ತಕ ನೋಡಿ, “ಪೆಟ್ ಎಲ್ಲಿ ಸಾರ್?” ಎಂದು ಕೇಳಿದರು.

“ಅವ್ನು ಬರ್ನಿಲ್ಲ” ಎಂದರು ನಮ್ಮ ಯಜಮಾನರು. ಅಷ್ಟೇ. ನಾನು ಬೇಗ ಬೀಗದಕೈ ತೆಗೆದುಕೊಂಡೆ.

ರೂಮಿನ ಮೂಲೆಯಲ್ಲಿ ಒಂದು ಪುಟ್ಟ ಹಾಸಿಗೆ, ಪಕ್ಕದಲ್ಲಿ ಸ್ಟೀಲ್ ಬಟ್ಟಲು. ಹಾಸಿಗೆಯ ಮೂಲೆ ಅಚ್ಚುಕಟ್ಟಾಗಿ ಮಡಿಸಿದ್ದರು, ತಪ್ಪು ಹೇಳುವಂತಿರಲಿಲ್ಲ. ಸಂಜೆ ಹೊರಗೆ ಹುಲ್ಲಿನ ಮೇಲೆ ಹಲವು ಮನೆಯವರು, ಅವರವರ ನಾಯಿಗಳು. ಒಂದಕ್ಕೆ ಅಂಗಿ ತೊಡಿಸಿದ್ದರು. ಯಾರೂ ಯಾರನ್ನೂ ಕಾಯುತ್ತಿರಲಿಲ್ಲ. ಗಂಡ, ಹೆಂಡತಿ, ಮಕ್ಕಳು, ನಾಯಿ, ಎಲ್ಲ ಒಂದೇ ಫೋಟೋದಲ್ಲಿ. ಎಷ್ಟು ಸುಲಭದ ಕೆಲಸ ಎಂದುಕೊಂಡೆ. ಒಂದು ಹಾಸಿಗೆ, ಒಂದು ಬಟ್ಟಲು.

ಬೆಳಿಗ್ಗೆ ಎಂದಿನಂತೆ ನಸುಕಿಗೇ ಎದ್ದೆ. ನೀರು ನೋಡಿಬರೋಣ ಎಂದೆ. “ಓಗ್ಬಾ, ನಾನಿರ್ತೀನಿ” ಎಂದರು. ಹೊರಟೆ. ಹಿನ್ನೀರಿನ ಮೇಲೆ ತೆಳುವಾಗಿ ಮಂಜು. ನೀರಿನಿಂದ ಎದ್ದು ನಿಂತ ಒಣಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಅಗಲಿಸಿ ಒಣಗಿಸುತ್ತಿದ್ದವು, ಆಸ್ಪತ್ರೆಯ ಹಿಂದೆ ಒಗೆದ ಬಟ್ಟೆ ಹರವಿದಂತೆ. ಇದನ್ನು ಇವರಿಗೆ ಹೀಗೆಯೇ ಹೇಳಬೇಕು ಎಂದು ಮಾತು ಜೋಡಿಸಿಕೊಳ್ಳುತ್ತ ರೂಮಿಗೆ ಬಂದೆ. ಇವರು ಕುರ್ಚಿಯಲ್ಲಿ, ಆ ಪುಟ್ಟ ಹಾಸಿಗೆಯ ಕಡೆ ಮುಖ ಮಾಡಿ ಕೂತಿದ್ದರು.

“ಆಯ್ತು, ಈಗ ನೀವು ಹೋಗಿ ಬನ್ನಿ” ಎಂದೆ.

ಅವರೂ ಎದ್ದು ಕಾಲಿನಿಂದ ತಡವುತ್ತ ಚಪ್ಪಲಿ ಹುಡುಕತೊಡಗಿದರು. ಒಂದು ಚಪ್ಪಲಿ ಸಿಕ್ಕಿತ್ತು. ಅಲ್ಲಿಗೆ ನಿಂತರು. ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು. ಯಾರಿಗಾಗಿ ಒಬ್ಬರು ಉಳಿಯಬೇಕು? ನಾನು ಇನ್ನೊಂದು ಚಪ್ಪಲಿ ಹುಡುಕಿ ಅವರ ಕಾಲಿನ ಹತ್ತಿರ ಇಟ್ಟು, ಕೈ ಹಿಡಿದುಕೊಂಡೆ.

ಜೊತೆಗೆ ನಡೆಯುವುದೂ ನಮಗೆ ಬರುತ್ತಿರಲಿಲ್ಲ. ನನ್ನದು ವಾರ್ಡಿನ ನಡಿಗೆ. ನಾಲ್ಕು ಹೆಜ್ಜೆಗೆ ಮುಂದೆ ಹೋಗಿಬಿಡುತ್ತಿದ್ದೆ, ನಿಂತು ಕಾಯುತ್ತಿದ್ದೆ. ನೀರಿನ ಹತ್ತಿರ ಹೋಗುವ ಹೊತ್ತಿಗೆ ಮಂಜು ಸರಿದಿತ್ತು, ಮರಗಳು ಬರಿದಾಗಿದ್ದವು. ಹಕ್ಕಿಗಳಿದ್ದವು ಎಂದು ಹೇಳಹೊರಟು ಸುಮ್ಮನಾದೆ. ಪಕ್ಕದಲ್ಲೇ ನಿಂತವರಿಗೆ ಏನೆಂದು ಹೇಳುವುದು? ಇಷ್ಟು ವರ್ಷ ಆಸೆಪಟ್ಟ ಗಳಿಗೆ ಇದೇ ಎಂದು ನನಗೆ ನಾನೇ ಹೇಳಿಕೊಳ್ಳಬೇಕಾಯಿತು.

ಕಡೆಗೆ ಇವರೆಂದರು: “ಇಬ್ರೂ ಬಂದ್‌ಬುಟ್ಟೊ. ಈಗ ಮನೇಗ್ ಓಗಿ ಯಾರ್ಗೆ ಹೇಳಾನ?”

ತಿಂಡಿಗೆ ಹೊತ್ತಾಯಿತು ಎಂದೆ.

ಮಾರನೆಯ ಮಧ್ಯಾಹ್ನ ಮನೆಗೆ ಬಂದು ಬೀಗ ತೆಗೆದೆವು. ಕೇಳಲು ಯಾರೂ ಇಲ್ಲದ ಮನೆ. ಕಿಟಕಿ ತೆರೆದು, ಚೀಲ ಬಿಚ್ಚಿ, ಬಟ್ಟೆ ನೆನೆಹಾಕಿ, ಕಾಫಿ ತಂದುಕೊಟ್ಟೆ. ಇವರು ಲೋಟ ಹಿಡಿದು ಕೂತು, ಊರಿಗೇ ಹೋಗಿರದವರಂತೆ, “ಹೂಂ, ಹೇಳು. ಎಂಗಿತ್ತು?” ಎಂದರು.

ನಾನು ಬಚ್ಚಲಿನಿಂದ ಶುರುಮಾಡಿದೆ. ದಿಂಬು, ಹಾಸಿಗೆ, ಅಂಗಿ ತೊಟ್ಟ ನಾಯಿ, ಮಂಜು, ಒಣಮರ, ಬಟ್ಟೆ ಹರವಿದಂತೆ ಕೂತ ನೀರುಕಾಗೆ. ನಡುವೆ ಒಮ್ಮೆ, “ಎಷ್ಟ್ ಇದ್ವು?” ಎಂದು ಕೇಳಿದರು. ನಾನು ಎಣಿಸಿರಲಿಲ್ಲ. ಮುಗಿಸಿದ ಮೇಲೆ, ನಿಮ್ಮ ಸರದಿ ಎಂದೆ.

ಅವರು ಲೋಟ ಕೆಳಗಿಟ್ಟರು. “ನೀನು ನೀರ್ ತಾವ್ಕೆ ಓದಾಗ ಒಂದ್ ನಾಯಿ ಬಂದಿತ್ತು. ಯಾರ್ದೋ ಏನೋ. ನೆಟ್ಟಗೆ ಒಳೀಕ್ ಬಂದು ಆ ಹಾಸ್ಗೆ ಮ್ಯಾಲೆ ಮಲೀಕತ್ತು. ಬಣ್ಣ ಯಾವ್ದೂಂತ ಗೊತ್ತಾಗ್ನಿಲ್ಲ. ಕೈ ಚಾಚ್ದೆ, ಕಿವಿ ಸಿಕ್ತು. ವಸಿ ಹೊತ್ತು ಇದ್ದು, ಓಯ್ತು.”

ನಾನು ಬಂದೊಡನೆ ಅಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ದನಿ ಗಟ್ಟಿಯಾಗಿಯೇ ಇದ್ದಿರಬೇಕು.

“ಮನೇಗ್ ಬಂದ್ ಮ್ಯಾಲಲ್ವಾ ಹೇಳಾದು?” ಎಂದರು.

ನಾನು ಹಕ್ಕಿಗಳ ಮುಂದೆ ನಿಂತು ಇವರಿಗಾಗಿ ಮಾತು ಜೋಡಿಸುತ್ತಿದ್ದಾಗ, ಇಬ್ಬರೂ ಒಟ್ಟಿಗೆ ಇರಬೇಕಾಗಿದ್ದ ಗಳಿಗೆ ರೂಮಿಗೆ ಬಂದು ಹೋಗಿತ್ತು. ಕಾಫಿ ಲೋಟ ತೊಳೆಯಲು ಏಳಬೇಕಾದವಳು ಅವತ್ತು ಏಳಲಿಲ್ಲ. ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು, ಆ ಕಿವಿ ಹೇಗಿತ್ತು, ನೆಟ್ಟಗಿತ್ತೋ ಜೋತುಬಿದ್ದಿತ್ತೋ, ಮೊದಲಿನಿಂದ ಹೇಳಿ ಎಂದೆ.