ಕಿಡಕಿಯೆತ್ತರದ ಅಬ್ಬಲಿಗೆ

ಮೊನ್ನೆ ಸಂತೆಯಲ್ಲಿ ಅಬ್ಬಲಿಗೆಯ, ಅಂದರೆ ಕನಕಾಂಬರದ, ದಂಡೆ ಕೊಂಡೆ. ವಾಸನೆಯೇ ಇಲ್ಲದ ಹೂವು ಯಾಕೆಂದು ಸೊಸೆ ಕೇಳಿದಳು. ಚಿತ್ತಾಪುರದಲ್ಲಿ ನಾನು ಕಾಕು ಎನ್ನುತ್ತಿದ್ದ ಪಕ್ಕದ ಮನೆಯ ಚಿಕ್ಕಮ್ಮ ವಾಸನೆಯಿಲ್ಲವೆಂದೇ ಈ ಹೂವನ್ನು ಒಪ್ಪಿದ್ದರು...

ಆಗ ನಿಜಾಮರ ಕಾಲ. ನನಗೆ ಒಂಬತ್ತೋ ಹತ್ತೋ ವರ್ಷ. ಕಾಕುವಿನ ಗಂಡ ಸರ್ಕಾರಿ ಶಾಲೆಯ ಮಾಸ್ತರರು. ಅವರನ್ನು ಕಾಕಾ ಎನ್ನುತ್ತಿದ್ದೆ. ಹೆರಿಗೆಯಲ್ಲಿ ಕೂಸು ಹೋಗಿ, ಕಾಕುವಿನ ಕಾಲುಗಳೂ ಸ್ವಾಧೀನ ತಪ್ಪಿದ್ದವು. ಅಂದಿನಿಂದ ಹೊರಸೇ, ಆ ಹಗ್ಗದ ಮಂಚವೇ, ಅವರ ಮನೆ. ಪಕ್ಕದಲ್ಲೊಂದು ಸಣ್ಣ ಕಿಡಕಿ, ಅದರಾಚೆ ನಾಲ್ಕು ಮೊಳದ ಹಾಸುಗಲ್ಲಿನ ಅಂಗಳ, ಆಮೇಲೆ ಗೋಡೆ.

ಕಾಕುವಿಗೆ ಹೊರಸಿನಿಂದಲೇ ಹೂವು ಕಾಣಲೆಂದು ಕಾಕಾ ಅಂಗಳದ ಎರಡು ಕಲ್ಲು ಎಬ್ಬಿಸಿ, ತೆಂಗಳಿ ಊರಿನ ಹೊಲದಿಂದ ಮಣ್ಣು ತರಿಸಿ ತುಂಬಿದರು. ಮೊದಲು ಹಚ್ಚಿದ್ದು ನಂದಿಬಟ್ಟಲು. ಅದು ಕಿಡಕಿ ದಾಟಿ ಮೇಲೇರಿತು. ಕಾಕುವಿಗೆ ಉಳಿದದ್ದು ಬರೀ ಕಾಂಡ. ಗುಲಾಬಿ ಗೋಡೆಯ ನೆರಳಿಗೆ ಮೊಗ್ಗು ಬಿಡಲಿಲ್ಲ. ದುಂಡುಮಲ್ಲಿಗೆ ಚೆನ್ನಾಗಿ ಅರಳಿತು, ಆದರೆ ಔಷಧ ಕುಡಿದ ಹೊಟ್ಟೆಗೆ ಅದರ ಗಮ ಆಗಿಬರಲಿಲ್ಲ.

"ನನಗ ವಾಸನಿ ಬ್ಯಾಡ್ರಿ, ಬಣ್ಣ ಕಂಡ್ರ ಸಾಕು" ಎಂದರು ಕಾಕು.

ಆಮೇಲೆ ಬಂದದ್ದು ಅಬ್ಬಲಿಗೆ. ಸೊಂಟದೆತ್ತರ ದಾಟದ ಗಿಡ, ಅರೆನೆರಳಿಗೂ ಬೇಸರಿಸದು. ಕಾಕಾ ಅದನ್ನು ಕತ್ತರಿಸಿ ಕತ್ತರಿಸಿ ಕಿಡಕಿಯ ಎತ್ತರಕ್ಕೆ ನಿಲ್ಲಿಸಿದರು. ದಿಂಬಿಗೆ ಒರಗಿದ ಕಾಕು ಇಡೀ ದಿನ ಅದನ್ನೇ ನೋಡುತ್ತಿದ್ದರು.

ಎರಡು ವರ್ಷದ ಮೇಲೆ ಅವರಿಗೆ ಒರಗಿ ಕೂಡುವ ಶಕ್ತಿಯೂ ಹೋಯಿತು. ಹೊರಸಿನ ಮೇಲೆ ಚಪ್ಪಟೆ ಮಲಗಿದರೆ ಕಿಡಕಿಯಲ್ಲಿ ಎದುರು ಗೋಡೆಯ ತುದಿಯಷ್ಟೇ ಕಾಣುತ್ತಿತ್ತು. ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದರು.

"ಎಷ್ಟ ಗೊನಿ ಅರಳ್ಯಾವ ನೋಡಿ ಬಾ ತಂಗಿ. ನನಗ ಕಾಣಾಂಗಿಲ್ಲ ಅಂತ ನಿಮ್ಮ ಕಾಕಾಗ ಹೇಳಬ್ಯಾಡ. ಭಾಳ ಆಸೆಲಿಂದ ಬೆಳೆಸ್ಯಾರ."

ಅಂದಿನಿಂದ ದಿನಾ ನಾನು ಹೂಗೊಂಚಲು ಎಣಿಸಿ ಬಂದು ಅವರ ಕಿವಿಯಲ್ಲಿ ಹೇಳುತ್ತಿದ್ದೆ. ಸಂಜೆ ಕಾಕಾ ಟೋಪಿ ತೆಗೆದು, "ಕಾಣ್ತಾವೇನು?" ಎಂದು ಕೇಳುವರು. "ಇವತ್ತ ನಾಕ ಗೊನಿ ಅರಳ್ಯಾವ್ರಿ" ಎಂದು ಕಾಕು ಕಿಡಕಿಯತ್ತ ಮುಖ ಮಾಡಿಯೇ ಹೇಳುವರು. ಕಾಕಾನ ದಣಿದ ಮುಖ ಒಂದು ಗಳಿಗೆ ತಿಳಿಯಾಗುತ್ತಿತ್ತು.

ಆ ಚಳಿಗಾಲದಲ್ಲಿ ಕಾಕು ತೀರಿಕೊಂಡರು.

ಹದಿನೈದು ದಿನದ ಮೇಲೆ ಅವ್ವ ಕೊಟ್ಟ ರೊಟ್ಟಿ ಒಯ್ದಾಗ, ಕಾಕಾ ಆ ಹೊರಸಿನ ಮೇಲೆ ಅಂಗಾತ ಮಲಗಿ ಕಿಡಕಿ ನೋಡುತ್ತಿದ್ದರು. ನನ್ನನ್ನು ಕಂಡು ಎದ್ದು ಕುಳಿತರು.

"ತಂಗಿ, ಆಕಿಗಿ ಹೂವು ಕಾಣ್ತಿದ್ದವೇನು?"

ಕಾಕುವಿಗೆ ಮಾತು ಕೊಟ್ಟಿದ್ದೆ. "ಕಾಣ್ತಿದ್ದವ್ರಿ, ಕಾಕಾ. ದಿನಾ ನನ್ನ ಮುಂದ ಎಣಸತಿದ್ರು" ಎಂದೆ.

ಅವರು ನನ್ನ ತಲೆಯ ಮೇಲೆ ಕೈಯಿಟ್ಟು "ಹೌದಾ..." ಎಂದರು, ಅಷ್ಟೇ.

ಬೇಸಿಗೆಗೆ ಅವರು ಚಿಂಚೋಳಿಗೆ ವರ್ಗವಾಗಿ ಹೋದರು. ಗಿಡ ಒಯ್ಯುವುದಿಲ್ಲವೇ ಎಂದು ಅವ್ವ ಕೇಳಿದಾಗ, "ಅಲ್ಲಿ ನೋಡವರ ಯಾರದಾರ್ರಿ" ಎಂದಿದ್ದರು. ಮತ್ತೆ ಅವರ ಸುದ್ದಿ ಬರಲಿಲ್ಲ.

ಈಗ ಅವ್ವನೂ ಇಲ್ಲ. ಆ ದಿನ ಕಾಕಾ ನನ್ನ ಮಾತು ನಂಬಿದರೋ, ಅಥವಾ ನನಗಾಗಿ ನಂಬಿದಂತೆ ಮಾಡಿದರೋ... ಎಂಬತ್ತರ ಈ ವಯಸ್ಸಿನಲ್ಲೂ ನನಗೆ ತಿಳಿದಿಲ್ಲ. ಕೇಳೋಣವೆಂದರೆ, ಆ ಮನೆಯನ್ನು ಕಂಡವರಲ್ಲಿ ನಾನೊಬ್ಬಳೇ ಉಳಿದಿದ್ದೇನೆ.