ಗೋಡೆಗೆ ತಟ್ಟಿದ ಬೀಜ

ಬಾಣಾವರದ ರೈಲುಗಳಲ್ಲಿ ಸಿಪಾಯಿಗಳೇ ತುಂಬಿ ಹೋಗುತ್ತಿದ್ದ ಯುದ್ಧದ ಕಾಲ. ಪುಷ್ಯದ ಚಳಿಗೆ ಊರೆಲ್ಲ ಮುದುರಿಕೊಂಡಿದ್ದರೂ ಗಿರಿಯಮ್ಮ ಮಾತ್ರ ಬೆಳಗಾಗುತ್ತಲೇ ಹಿತ್ತಿಲಿಗಿಳಿದು, ಬಳ್ಳಿಗಳಿಗೆಂದು ಗುಂಡಿ ತೋಡಿ ಗೊಬ್ಬರ ತುಂಬುತ್ತಿದ್ದಳು. ಮುಂಗಾರಿಗೆ ಹಾಕುವ ಕುಂಬಳ, ಸೋರೆ, ಹೀರೆಯ ಬೀಜಗಳನ್ನು ಹುಳು ಹತ್ತದಂತೆ ಸಗಣಿಯಲ್ಲಿ ಕಲೆಸಿ ಹಿತ್ತಿಲ ಗೋಡೆಗೆ ತಟ್ಟಿಡುತ್ತಿದ್ದಳು. ಎಲ್ಲ ಅವಳ ಅತ್ತೆಯ ಕಾಲದಿಂದ ಬಂದ ತಳಿ. ಆ ಗೋಡೆಯನ್ನು ಗಂಡ ಮುಟ್ಟಿದರೂ ಅವಳು ಸುಮ್ಮನಿರುತ್ತಿರಲಿಲ್ಲ.

ಅವತ್ತು ಗುಂಡಿಯಿಂದ ತಲೆಯೆತ್ತಿ ನೋಡಿದರೆ ಗೋಡೆ ಬರಿದಾಗಿತ್ತು. ತಟ್ಟಿದ್ದ ಕಡೆಯೆಲ್ಲ ದುಂಡನೆಯ ಕಲೆ. ಬಚ್ಚಲೊಲೆಯಿಂದ ಚಟಪಟ ಸದ್ದು ಬರುತ್ತಿತ್ತು.

ಗುದ್ದಲಿ ಬಿಸಾಕಿ ಓಡಿದಳು. ಒಲೆಯ ಮುಂದೆ ಹೊಸ ಸೊಸೆ ದ್ಯಾವೀರಮ್ಮ ಕೂತಿದ್ದಳು. ಬಿಕ್ಕೋಡಿನ ಕಡೆಯವಳು, ಸೌದೆ ಉರಿಸಿ ಬೆಳೆದವಳು. ಗೋಡೆಯ ಮೇಲಿದ್ದದ್ದೆಲ್ಲ ಅವಳಿಗೆ ಬರೀ ಬೆರಣಿ.

“ಏನೇ ಹಾಕ್ದೆ ಒಲೆಗೆ?”

“ಬೆರಣಿ ಅತ್ತೆ. ಸೊಂಟ ನೋವು ಅಂದ್ರಲ್ಲ, ನಿಮ್ಗೇ ನೀರು ಕಾಯಿಸ್ತಾ ಇವ್ನಿ.”

ಗಿರಿಯಮ್ಮ ಬರಿಗೈಯನ್ನೇ ಒಲೆಯೊಳಕ್ಕೆ ತೂರಿಸಿದಳು. ಸಿಕ್ಕಿದ್ದು ಅರ್ಧ ಸುಟ್ಟ ಒಂದೇ ಬೆರಣಿ. ಮುರಿದು ನೋಡಿದಳು. ಒಳಗೆ ಸೋರೆಬೀಜ ನಾಲ್ಕಾರು, ಬಿಸಿ ತಾಗದೆ ಬೆಳ್ಳಗೆ ಉಳಿದಿದ್ದವು. ಮಿಕ್ಕದ್ದೆಲ್ಲ ಬೂದಿ.

“ಅತ್ತೆ, ಕೈ ಸುಟ್ಟೈತೆ!” ಸೊಸೆ ಅಳತೊಡಗಿದಳು.

“ಕೈ ಹಾಳಾಗೋಗ್ಲಿ. ಸಗಣಿ ತತ್ತಾ.”

ಸುಟ್ಟ ಕೈಯಲ್ಲೇ ಆ ಬೀಜಗಳನ್ನು ಹಸಿ ಸಗಣಿಗೆ ಕಲೆಸಿದಳು. ಹಿತ್ತಿಲ ಗೋಡೆಗೆ ಹೋಗಲಿಲ್ಲ. ನೆಟ್ಟಗೆ ಮಗ ಸೊಸೆಯ ಕೋಣೆಗೆ ನುಗ್ಗಿ, ಸೊಸೆಯ ತಲೆದಿಂಬಿನ ಮೇಲಿನ ಗೋಡೆಗೆ ಪಟ್ಟನೆ ತಟ್ಟಿದಳು.

“ಮಳೆ ಬರೋಗಂಟ ನೀನೇ ಕಾಯಿ.”