ಕನ್ನಡಿ ಲೆನ್ಸಿನಲ್ಲಿ ಕಂಡ ಗಂಡ

ನನ್ನ ಗಂಡ ನನಗೆ ಸುಳ್ಳು ಹೇಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಿವಿಯಾರೆ ಕೇಳುವುದು ಎಲ್ಲ ಹೆಂಡತಿಯರಿಗೂ ರೂಢಿಯಾದ ವಿಷಯ, ಅದರಲ್ಲಿ ವಿಶೇಷವಿಲ್ಲ. ನಾನು ನೋಡಿದ್ದು ಮುಕ್ಕಾಲು ಕಿಲೋಮೀಟರ್ ದೂರದಿಂದ, ಮಧುಗಿರಿಯ ನಮ್ಮ ಮನೆಯ ತಾರಸಿಯ ಮೇಲೆ ನಿಂತು, ಒಂದು ಹಳೆಯ ಲೆನ್ಸಿನೊಳಗೆ. ಅವತ್ತು ಹತ್ತಿದ ಗಾಬರಿ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಲೆನ್ಸ್ ಸಿಕ್ಕಿದ್ದು ಶಿರಾದಲ್ಲಿ. ಅಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಹಿರಿಯ ಸಾಹೇಬರೊಬ್ಬರು ಅಂಗಡಿ ಮುಚ್ಚುವಾಗ, ನನ್ನ ಹಕ್ಕಿ ಫೋಟೋಗಳ ಹುಚ್ಚು ಗೊತ್ತಿದ್ದರಿಂದ, ಕರೆದು ಕೊಟ್ಟರು. ಐನೂರು ಮಿಲಿಮೀಟರಿನ ಮಿರರ್ ಲೆನ್ಸ್. ದೂರದ್ದನ್ನು ಅಷ್ಟು ಹತ್ತಿರಕ್ಕೆ ಎಳೆದು ತೋರಿಸುವ ಲೆನ್ಸ್ ಮೊಳದುದ್ದ ಇರಬೇಕಿತ್ತು. ಇದು ನೋಡಿದರೆ ಅಡುಗೆಮನೆಯ ಕಾಫಿಪುಡಿ ಡಬ್ಬಿಯಷ್ಟು. ಒಳಗೆ ಎರಡು ಕನ್ನಡಿಗಳಿದ್ದು, ಬೆಳಕು ಅವುಗಳ ನಡುವೆ ಹಿಂದಕ್ಕೂ ಮುಂದಕ್ಕೂ ಓಡಿ ಅಷ್ಟರಲ್ಲೇ ತನ್ನ ಹಾದಿ ಮುಗಿಸಿಕೊಳ್ಳುತ್ತದೆ. ಮುಂದಿನ ಗಾಜಿನ ನಟ್ಟನಡುವೆ ಒಂದು ಕಪ್ಪು ಬಿಲ್ಲೆ. ಅದರಿಂದಾಗಿ ಫೋಟೋದಲ್ಲಿ ಮಸುಕಾದ ಬೆಳಕಿನ ಚುಕ್ಕೆಗಳೆಲ್ಲ ಉದ್ದಿನ ವಡೆಯ ಹಾಗೆ ನಡುವೆ ತೂತು ಬಿದ್ದು ಕಾಣುತ್ತವೆ. ಮೈದನಹಳ್ಳಿಯ ಹುಲ್ಲುಗಾವಲಿನ ಕೃಷ್ಣಮೃಗಗಳನ್ನು ಇದರಲ್ಲಿ ಹಿಡಿಯಬೇಕೆಂದು ನಾನು ಬಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ.

ಆದರೆ ನನ್ನ ಕ್ಯಾಮೆರಾ ಹೊಸ ಕಾಲದ್ದು. ಹಳೆಯ ಲೆನ್ಸಿಗೂ ಅದಕ್ಕೂ ನೇರ ಸಂಬಂಧ ಕೂಡುವುದಿಲ್ಲ, ನಡುವೆ ಅಡಾಪ್ಟರ್ ಅನ್ನುವ ಬಳೆಯೊಂದು ಬೇಕು. ತರಿಸಿ ತಿರುಗಿಸಿ ಹಾಕಿದೆ. ಕ್ಯಾಮೆರಾ ‘ಲೆನ್ಸ್ ಇಲ್ಲ’ ಎಂದು ಪರದೆಯ ಮೇಲೆ ಬರೆದು ಸುಮ್ಮನೆ ಕೂತಿತು. ಲೆನ್ಸ್ ಇಲ್ಲದಿದ್ದರೂ ಕ್ಲಿಕ್ ಮಾಡು ಅನ್ನುವ ಅಪ್ಪಣೆಯನ್ನು ಮೆನುವಿನ ಯಾವುದೋ ಮೂಲೆಯಲ್ಲಿ ಕೊಡಬೇಕಂತೆ. ಅದನ್ನು ಹುಡುಕುವುದರಲ್ಲೇ ಒಂದು ಸಂಜೆ ಹೋಯಿತು. ಕೊನೆಗೆ ನೋಡಿದರೆ ಪಕ್ಕದ ಮನೆಯ ತೆಂಗಿನಮರ ಒಂದೊಂದು ಗರಿಯನ್ನೂ ಎಣಿಸುವಷ್ಟು ಸ್ಪಷ್ಟ, ಅದರ ಹಿಂದಿನ ಬೆಟ್ಟ ಮಾತ್ರ ಗಂಜಿ. ಫೋಕಸ್ ಬಳೆಯನ್ನು ಎಷ್ಟು ತಿರುಗಿಸಿದರೂ ಬೆಟ್ಟ ಕೈಗೆ ಬರಲಿಲ್ಲ.

ತಪ್ಪು ನನ್ನದೇ. ಲೆನ್ಸಿನ ಹಿಂದುಗಡೆ ತಿರುಪಿನಲ್ಲಿ ಕೂತಿದ್ದ ಒಂದು ಪುಟ್ಟ ಗಾಜಿಗೆ ಬೂಷ್ಟು ಹಿಡಿದಿತ್ತು. ಬರೀ ಫಿಲ್ಟರ್ ಇರಬೇಕು, ಇಲ್ಲದಿದ್ದರೆ ಇನ್ನಷ್ಟು ಬೆಳಕು ಬರುತ್ತದೆ ಎಂದುಕೊಂಡು ಬಿಚ್ಚಿ ಡಬ್ಬಿಗೆ ಹಾಕಿದ್ದೆ. ಕೊರಟಗೆರೆ ಕಡೆಯ ಹೈಸ್ಕೂಲೊಂದರಲ್ಲಿ ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಬೆಳಕಿನ ಪಾಠ ಹೇಳುವವಳು ಮಾಡಿದ ಕೆಲಸ ಇದು.

ಆ ವಾರವೆಲ್ಲ ನನ್ನವರು ಲೆನ್ಸನ್ನು ಗೇಲಿ ಮಾಡಿದರು. ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಗೇಲಿಯನ್ನೂ ವಿಚಾರಣೆಯ ಹಾಗೇ ಮಾಡುತ್ತಾರೆ. ತೆಂಗಿನಮರದಾಚೆ ಏನೂ ಕಾಣುವುದಿಲ್ಲವೋ ಎಂದು ಕೇಳಿದರು. ಇಲ್ಲ ಎಂದೆ. ಮಾರನೇ ದಿನ ಕಾಫಿ ಕುಡಿಯುತ್ತಾ ಮತ್ತೆ ಕೇಳಿದರು, ಬೆಟ್ಟವಂತೂ ಕಾಣುವುದೇ ಇಲ್ಲ ಅಲ್ಲವೇ ಎಂದು. ನನ್ನ ಹವ್ಯಾಸದ ಬಗ್ಗೆ ಇವರಿಗೆ ಈಗಲಾದರೂ ಆಸಕ್ತಿ ಹುಟ್ಟಿತಲ್ಲ ಎಂದು ನಾನು ಖುಷಿಪಟ್ಟೆ.

ಅದಕ್ಕೂ ಎಂಟು ತಿಂಗಳ ಹಿಂದೆ, ಪಾವಗಡದಿಂದ ಬರುವ ಬಸ್ಸಿನಲ್ಲಿ, ಅವರು ಎದೆ ಹಿಡಿದುಕೊಂಡು ನನ್ನ ಮೇಲೆ ಒರಗಿದ್ದರು. ಸ್ಟೆಂಟ್ ಹಾಕಿದ ಡಾಕ್ಟರು ಸಮತಟ್ಟಿನಲ್ಲಿ ನಡೆಯಿರಿ, ಏರು ಹತ್ತಬೇಡಿ ಎಂದರು. ಡಾಕ್ಟರು ಹೇಳಿದ್ದು ಒಂದು ಮಾತು, ನಾನು ಅದಕ್ಕೆ ಹತ್ತು ಸೇರಿಸಿದೆ. ತಾರಸಿಯ ಮೆಟ್ಟಿಲೂ ಬೇಡ, ನೀರಿನ ಬಕೆಟ್ಟೂ ಬೇಡ, ಜೋರಾಗಿ ಮಾತೂ ಬೇಡ. ಬಚ್ಚಲಿಗೆ ಹೋದರೆ ಹೊರಗೆ ನಿಂತು ಕೂಗುತ್ತಿದ್ದೆ. ಕೆರೆ ಏರಿಯ ಮೇಲೆ ಬೆಳಗಿನ ವಾಕಿಂಗಿಗೆ ಮಾತ್ರ ಬಿಟ್ಟಿದ್ದೆ, ಅದಕ್ಕೂ ಬೆಳಗಿನ ಮಬ್ಬಿನಲ್ಲಿ ಬಸ್ಸಿನವರ ಕಣ್ಣಿಗೆ ಬೀಳಲಿ ಎಂದು ಕಿತ್ತಳೆ ಬಣ್ಣದ ಟೀಶರ್ಟ್ ಕೊಡಿಸಿದ್ದೆ. ಇನ್ನೊಮ್ಮೆ ಹಾಗಾದರೆ ಅವರು ಉಳಿಯುವುದಿಲ್ಲ ಅನ್ನುವ ಭಯ ನನ್ನನ್ನು ಒಂದು ಗಳಿಗೆಯೂ ಬಿಟ್ಟಿರಲಿಲ್ಲ.

ಅದೊಂದು ಭಾನುವಾರ, ಅವರು ವಾಕಿಂಗಿಗೆ ಹೋದ ಮೇಲೆ, ಶಿರಾದ ಸಾಹೇಬರಿಗೆ ಫೋನ್ ಮಾಡಿ ಲೆನ್ಸಿನ ಮೇಲೆ ದೂರು ಹೇಳಿದೆ.

“ಅರೇ ಟೀಚರಮ್ಮ, ಹಿಂದ್ಗಡೆ ಗಾಜು ಬಿಚ್ಚಿದ್ರಾ? ಅದೂ ಲೆನ್ಸೇ ಕಣಮ್ಮ. ಅದಿಲ್ದೆ ದೂರದ್ದು ಸಾಫ್ ಬರಾಕಿಲ್ಲ” ಎಂದು ನಕ್ಕರು.

ಗಾಜನ್ನು ಒರೆಸಿ ತಿರುಪಿ ಕೂರಿಸಿ ತಾರಸಿಗೆ ಹೋದೆ. ಟ್ರೈಪಾಡ್ ಇಟ್ಟು, ಊರಿನ ಮೇಲೆ ಒಂದೇ ಬೋಳು ಬಂಡೆಯಾಗಿ ನಿಂತ ಆ ಬೆಟ್ಟಕ್ಕೇ ಗುರಿಯಿಟ್ಟು, ಪರದೆಯಲ್ಲಿ ಚಿತ್ರವನ್ನು ದೊಡ್ಡದು ಮಾಡಿ ನಿಧಾನವಾಗಿ ಬಳೆ ತಿರುಗಿಸಿದೆ. ಗಂಜಿ ತಿಳಿಯಾಯಿತು. ಕೋಟೆಯ ಗೋಡೆ ಬಂತು, ಬಂಡೆಯಲ್ಲಿ ಕೊರೆದ ಮೆಟ್ಟಿಲು ಬಂತು, ಪಕ್ಕದ ಕಬ್ಬಿಣದ ಕಂಬಿ ಬಂತು. ಸಂತೋಷಕ್ಕೆ ಒಬ್ಬಳೇ ನಕ್ಕೆ. ಕ್ಯಾಮೆರಾವನ್ನು ಇನ್ನೊಂದು ಕೂದಲೆಳೆಯಷ್ಟು ಮೇಲಕ್ಕೆ ಸರಿಸಿದರೆ, ಕಂಬಿ ಮುಗಿಯುವ ತುದಿಯ ಪಕ್ಕದ ಕಡಿದಾದ ಜಾಗದಲ್ಲಿ ಕಿತ್ತಳೆ ಬಣ್ಣದ ಒಂದು ಚುಕ್ಕೆ ಕೂತಿತ್ತು.

ಮುಖ ಕಾಣುವಷ್ಟು ಹತ್ತಿರವಿಲ್ಲ. ಬೆಂಗಳೂರಿನಿಂದ ಬರುವ ಚಾರಣದವರೂ ಅಂಥ ಬಣ್ಣ ಹಾಕುತ್ತಾರೆ ಎಂದುಕೊಂಡೆ. ಆದರೆ ಆ ಮನುಷ್ಯ ತಲೆಗೆ ಟವಲ್ ಸುತ್ತಿದ ರೀತಿ, ಎಡ ಭುಜ ಇಳಿಬಿಟ್ಟು ಕೂತ ರೀತಿ ಮೂವತ್ತು ವರ್ಷದಿಂದ ನನ್ನ ಕಣ್ಣೆದುರಿಗಿರುವುದು. ನನ್ನವರಿಗೆ ಫೋನ್ ಮಾಡಿದೆ. ಕ್ಯಾಮೆರಾದ ಪರದೆಯಲ್ಲಿ ಆ ಮನುಷ್ಯ ಜೇಬಿಗೆ ಕೈ ಹಾಕಿದರು, ತೆಗೆದು ನೋಡಿದರು, ಮತ್ತೆ ಜೇಬಿಗೆ ಹಾಕಿಕೊಂಡರು. ನನ್ನ ಕಿವಿಯಲ್ಲಿ ರಿಂಗ್ ಆಗುತ್ತಲೇ ಇತ್ತು.

ಮತ್ತೆ ಮಾಡಿದೆ. ಈ ಸಲ ಕೈ ಕಿವಿಗೆ ಹೋಯಿತು.

“ಏರಿ ಮ್ಯಾಲೆ ಇವ್ನಿ ಕಣೆ. ನೆರಳಾಗೆ ಕುಂತಿವ್ನಿ, ಇನ್ನೇನು ಬಂದ್ಬುಡ್ತೀನಿ.”

ಅಲ್ಲಿ ನೆರಳೆಂಬುದು ಒಂದು ಅಂಗೈಯಷ್ಟೂ ಇರಲಿಲ್ಲ. ಬೆಳಗಿನ ಬಿಸಿಲು ಬಂಡೆಯ ತುಂಬ ಇತ್ತು, ಅದರ ನಡುವೆ ನನ್ನ ಗಂಡ ಸಲೀಸಾಗಿ ಸುಳ್ಳು ಹೇಳುತ್ತಾ ಕೂತಿದ್ದರು. ಸಿಟ್ಟು ನೆತ್ತಿಗೇರಿತು. ಉಗಿಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಫೋನ್ ಕಿವಿಗಿಟ್ಟುಕೊಂಡೇ ಎದ್ದು, ಒಂದೇ ಕೈಯಲ್ಲಿ, ಕೆಳಗೆ ಇಳಿಯಲು ಕಾಲು ಚಾಚಿದರು. ಕಾಲು ಜಾರಿತು. ಕಿತ್ತಳೆ ಬಣ್ಣ ಮೊಳದಷ್ಟು ಕೆಳಗೆ ಬಂದು ಕೂತುಬಿಟ್ಟಿತು.

“ಕಂಬಿ ಹಿಡ್ಕೊಳ್ರೀ, ಎಡಗಡೆ” ಎಂದೆ. ಅದು ನನ್ನ ದನಿ ಅನಿಸಲಿಲ್ಲ.

ಅವರು ಅಲ್ಲಾಡಲಿಲ್ಲ. ಎಡಗೈ ಮಾತ್ರ ಮೆಲ್ಲಗೆ ಚಾಚಿ ಕಂಬಿ ಹಿಡಿಯಿತು. ಆಮೇಲೆ ತಲೆ ಊರಿನ ಕಡೆ ತಿರುಗಿತು. ಸಾವಿರ ತಾರಸಿಗಳ ನಡುವೆ ನಮ್ಮದನ್ನು ಹುಡುಕುತ್ತಿದ್ದರು.

“ಎಲ್ಲಿಂದ ನೋಡ್ತಿದೀಯೆ?”

ಲೆನ್ಸಿನಲ್ಲಿ ಎಂದೆ. ಎಷ್ಟು ದಿನದಿಂದ ಹತ್ತುತ್ತಿದ್ದೀರಿ ಎಂದು ಕೇಳಿದೆ. ಮೂರು ತಿಂಗಳಾಯಿತಂತೆ, ದಿನಕ್ಕೆ ಹತ್ತು ಮೆಟ್ಟಿಲು ಜಾಸ್ತಿ ಮಾಡುತ್ತಾ ಅಲ್ಲಿಗೆ ಬಂದಿದ್ದರಂತೆ. ಇಷ್ಟು ಹೇಳುವಾಗ ಅವರ ಉಸಿರು ನನ್ನ ಕಿವಿಗೆ ಜೋರಾಗಿ ಕೇಳುತ್ತಿತ್ತು. ಯಾಕೆ ಹೀಗೆ ಮಾಡಿದಿರಿ, ನಾನೇನು ಸತ್ತಿದ್ದೆನೇ ಎಂದೆ. ಅಳು ಬಂದು ಪರದೆ ಮಸುಕಾಯಿತು.

“ಮನೇಲಿ ಹೆಜ್ಜೆಹೆಜ್ಜೆಗೂ ಎದೆ ಎದೆ ಅಂತೀಯ ನೀನು. ಇಲ್ಲಿಗ್ ಬಂದ್ರೆ ಅದೊಂದು ಮರ್ತೋಗ್ತದೆ” ಎಂದರು. ಪರದೆಯಲ್ಲಿ ಅವರ ತಲೆ ಕೆಳಗಿನ ಮೆಟ್ಟಿಲುಗಳ ಕಡೆ ಬಗ್ಗಿತು.

“ಅಂಗೇ ನೋಡ್ತಾ ಇರು, ಬುಡಬ್ಯಾಡ” ಎಂದರು. “ಹತ್ತಾಕೆ ಏನೂ ಅನ್ಸಾಕಿಲ್ಲ ಕಣೆ. ಇಳಿಯಾಕೆ ದಿನಾ ಭಯ.”

ಎಂಟು ತಿಂಗಳಲ್ಲಿ ಅವರ ಬಾಯಿಂದ ಭಯ ಅನ್ನುವ ಮಾತು ಬಂದಿರಲಿಲ್ಲ. ಮನೆಯಲ್ಲಿ ಭಯವನ್ನೆಲ್ಲ ನಾನೇ ಪಟ್ಟು ಮುಗಿಸಿದ್ದೆ, ಅವರ ಪಾಲಿಗೆ ಒಂದಿಷ್ಟೂ ಉಳಿಸಿರಲಿಲ್ಲ. ಅದನ್ನು ಅವರು ಆ ಬಂಡೆಯ ಮೇಲೆ, ಮೂರು ತಿಂಗಳು, ಒಬ್ಬರೇ ಪಟ್ಟಿದ್ದರು. ಅವತ್ತಿನ ದೊಡ್ಡ ಆಘಾತ ನನಗೆ ಸುಳ್ಳಲ್ಲ, ಇದು.

ಬೈಕಿನವರು ಹೆಲ್ಮೆಟ್ಟಿಗೆ ಸಿಕ್ಕಿಸಿಕೊಳ್ಳುವಂತೆ ಅವರು ಫೋನನ್ನು ತಲೆಯ ಟವಲ್ಲಿನ ಸಂದಿಗೆ ತುರುಕಿ, ಎರಡೂ ಕೈಯಲ್ಲಿ ಕಂಬಿ ಹಿಡಿದರು. ನಾನು ಕಣ್ಣೊರೆಸಿಕೊಂಡು ಪರದೆಗೆ ಬಗ್ಗಿದೆ. ಎಡಗಾಲು ಇನ್ನೊಂಚೂರು ಕೆಳಗೆ, ಅಲ್ಲೊಂದು ಮೆಟ್ಟಿಲಿದೆ ಎಂದೆ. ಈಗ ಬಲಗಾಲು. ಅಲ್ಲೇ ಕೂತು ಒಂದು ನಿಮಿಷ ಉಸಿರು ತಗೊಳ್ಳಿ, ನಾನೆಲ್ಲೂ ಹೋಗಲ್ಲ ಎಂದೆ.